ಸುಖ ಬಿಡಿ ಅಂತ ನಾನು ಹೇಳಲಿಲ್ಲ

ಇಂಥವರು ಸಲಹೆ ಕೇಳಿಕೊಂಡು ನನ್ನ ಬಳಿ ಆಗಾಗ ಬರುತ್ತಾರೆ. ಸಾಲವಿಲ್ಲ, ಕಾಯಿಲೆಯಿಲ್ಲ, ಮನೆಯಲ್ಲಿ ಜಗಳವಿಲ್ಲ. ಆದರೂ ಒಳಗೆ ಖಾಲಿ. ಅವರಲ್ಲಿ ಒಬ್ಬರ ಕತೆ ಇದು, ವಯಸ್ಸು ನಲವತ್ತರ ಹತ್ತಿರ. ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ವಿವರ ಬದಲಿಸಿ ಬರೆಯುತ್ತಿದ್ದೇನೆ. ಒಳ್ಳೆಯ ಸಂಬಳ, ಮೇಲಿಂದ ಮೇಲೆ ಪ್ರವಾಸ. "ಹೊರಡೋ ಹಿಂದಿನ ದಿನ ಖುಷಿ ಇರುತ್ತೆ ಮೇಡಂ. ಅಲ್ಲಿಗೆ ಹೋದ್ಮೇಲೆ ಮುಂದಿನದು ಯಾವುದು ಅಂತ ಹುಡುಕ್ತಾ ಇರ್ತೀನಿ" ಎಂದರು.

ಅವರ ಚರ್ಚಿನ ಸಭೆಯ ಹಿರಿಯರೊಬ್ಬರು "ಇದೆಲ್ಲ ಲೋಕದ ಆಸೆ, ಬಿಟ್ಟುಬಿಡಿ" ಎಂದಿದ್ದರಂತೆ. ಬಿಟ್ಟು ನೋಡಿದರು. ಖಾಲಿತನ ಹೋಗಲಿಲ್ಲ, ಜೊತೆಗೆ ತಪ್ಪು ಮಾಡಿದವರ ಅಳುಕೂ ಸೇರಿಕೊಂಡಿತು.

ಮೊದಲು ನಿದ್ದೆ, ಹಸಿವು, ಸಾಯುವ ಯೋಚನೆಯ ಬಗ್ಗೆ ಕೇಳಿದೆ. ಎರಡು ವಾರ ಕಳೆದರೂ ಯಾವುದೂ ಬೇಡವೆನಿಸಿ, ನಿದ್ದೆ ಕೆಟ್ಟು, ಮನಸ್ಸು ಕುಗ್ಗಿದ್ದರೆ ಅದು ಖಿನ್ನತೆ ಇರಬಹುದು. ಅಂಥವರನ್ನು ವೈದ್ಯರ ಬಳಿ ಕಳಿಸುತ್ತೇನೆ, ಸುಮ್ನೆ ಬೈಬಲ್ ವಚನ ಓದಿಸಿ ಕೂರಿಸುವುದಿಲ್ಲ. ಇವರಲ್ಲಿ ಅದು ಕಾಣಲಿಲ್ಲ.

ಮೂರನೇ ಭೇಟಿಯಲ್ಲಿ ಬೈಬಲಿನ 'ಪ್ರಸಂಗಿ' ಪುಸ್ತಕದ 2ನೇ ಅಧ್ಯಾಯ ತೆಗೆದೆವು. ಅರಸನೊಬ್ಬ ಸುಖವನ್ನು ಪರೀಕ್ಷೆ ಮಾಡಿ ನೋಡಲು ಹೊರಡುವ ಭಾಗ. ದ್ರಾಕ್ಷಾರಸ, ಮನೆ, ತೋಟ, ಆಳುಕಾಳು, ದನಕುರಿ, ಬೆಳ್ಳಿಬಂಗಾರ. ಕಣ್ಣು ಬಯಸಿದ್ದನ್ನು ಒಂದನ್ನೂ ಬಿಡುವುದಿಲ್ಲ. ಕೊನೆಗೆ ನೋಡಿದರೆ ಗಾಳಿಯ ಬೆನ್ನು ಹತ್ತಿದ ಹಾಗೆ. ಓದಿದ್ದನ್ನು ನಿಮ್ಮ ಮಾತಲ್ಲಿ ಹೇಳಿ ಎಂದೆ.

"ಮನೆ ಕಟ್ಟಿಸಿಕೊಂಡೆ, ತೋಟ ಮಾಡಿಕೊಂಡೆ, ಕೆರೆ ತೋಡಿಸಿಕೊಂಡೆ, ಹಾಡೋರನ್ನ ಇಟ್ಟುಕೊಂಡೆ..." ಅಲ್ಲಿಗೆ ನಿಲ್ಲಿಸಿದರು. "ಬರೀ ಕೊಂಡೆ, ಕೊಂಡೆ ಅಂತಲೇ ಆಯ್ತಲ್ಲ ಮೇಡಂ. ಬೇರೆ ಯಾರೂ ಇಲ್ವಾ ಇಲ್ಲಿ?"

ಆ ಅಧ್ಯಾಯವನ್ನು ನಾನು ಎಷ್ಟೋ ಸಲ ಓದಿದ್ದೇನೆ. ಮೂಲ ಹೀಬ್ರೂವಿನಲ್ಲೂ 'ನನಗೆ' ಅನ್ನುವ ಮಾತು ಆ ಸಾಲುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಆಳುಗಳಿದ್ದಾರೆ, ಹಾಡುವವರಿದ್ದಾರೆ. ಪಕ್ಕದಲ್ಲಿ ಕೂತು ಉಣ್ಣುವ ಗೆಳೆಯ ಒಬ್ಬನೂ ಇಲ್ಲ. ಇದು ನನಗೆ ಅಷ್ಟು ಗಟ್ಟಿಯಾಗಿ ತಟ್ಟಿದ್ದು ಅವತ್ತೇ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ನನ್ನ ಫೋಟೋಗಳೂ ಹೀಗೇ" ಎಂದರು.

ನಾನು ಕೊಟ್ಟ ಸಲಹೆ ಇಷ್ಟು. ಪ್ರವಾಸ ನಿಲ್ಲಿಸಬೇಡಿ. ವಾರದಲ್ಲಿ ಒಂದು ಸಂಜೆ ಇನ್ನೊಬ್ಬರಿಗೆ ಕೊಡಿ. ಗೊತ್ತಿದ್ದವರ ಮನೆಯಲ್ಲಿ ದುಃಖವಿದ್ದರೆ ತಪ್ಪಿಸಿಕೊಳ್ಳದೆ ಹೋಗಿ. ಔತಣದ ಮನೆಗಿಂತ ಗೋಳಾಡುವ ಮನೆಗೆ ಹೋಗುವುದು ಲೇಸು ಎಂದು ಅದೇ ಪುಸ್ತಕದ 7ನೇ ಅಧ್ಯಾಯ ಹೇಳುತ್ತದೆ.

"ಸುಖ ಬಿಡಿ, ಪ್ರಾರ್ಥನೆ ಮಾಡಿ ಅಂತ ಯಾಕೆ ಹೇಳಲಿಲ್ಲ?" ಎಂದು ನನ್ನನ್ನು ಕೇಳಿದವರಿದ್ದಾರೆ. ನನ್ನ ಬಳಿ ಬಂದ ಇವರು ಪ್ರಾರ್ಥನೆ ಬಿಟ್ಟವರೇ ಅಲ್ಲ. ಸುಖ ಬಿಡಿ ಅಂತ ಪ್ರಸಂಗಿಯೂ ಹೇಳುವುದಿಲ್ಲ. ಆ ಪುಸ್ತಕದಲ್ಲಿ ನಾವು 'ವ್ಯರ್ಥ' ಎಂದು ಓದುವ ಹೀಬ್ರೂ ಪದ 'ಹೆವೆಲ್'. ಉಸಿರು, ಆವಿ ಎಂದು ಅದರ ಅರ್ಥ. ಆವಿ ಕೆಟ್ಟದ್ದಲ್ಲ, ಮುಷ್ಟಿಯಲ್ಲಿ ನಿಲ್ಲುವುದಿಲ್ಲ ಅಷ್ಟೇ ಅಲ್ವಾ? ಅದೇ 2ನೇ ಅಧ್ಯಾಯದ 24ನೇ ವಚನದಲ್ಲಿ ಊಟ, ದುಡಿಮೆಯ ಸುಖ ದೇವರ ಕೈಯಿಂದ ಬಂದದ್ದು ಎಂದಿದೆ. 9ನೇ ಅಧ್ಯಾಯ ಸಂತೋಷದಿಂದ ಉಣ್ಣು, ಪ್ರೀತಿಯ ಹೆಂಡತಿಯೊಡನೆ ಸುಖವಾಗಿ ಬಾಳು ಎನ್ನುತ್ತದೆ. ಇದನ್ನೆಲ್ಲ ದಾಟಿಕೊಂಡು 'ವ್ಯರ್ಥ' ಒಂದನ್ನೇ ಹಿಡಿದು ಜನರನ್ನು ಹೆದರಿಸುವುದು ನೋಡಿದರೆ ನನಗೆ ಸಂಕಟವಾಗುತ್ತದೆ.

ಎರಡು ತಿಂಗಳ ಮೇಲೆ ಬಂದರು. ತಾಯಿ ತೀರಿಕೊಂಡ ಸಹೋದ್ಯೋಗಿಯ ಮನೆಗೆ ಹೋಗಿದ್ದರಂತೆ. "ಏನು ಮಾತಾಡಬೇಕು ಅಂತ ಗೊತ್ತಾಗಲಿಲ್ಲ. ಪಾತ್ರೆ ತೊಳೆದುಕೊಟ್ಟೆ" ಎಂದರು. ಮುಂದಿನ ವಾರವೂ ಹೋಗುತ್ತಾರಂತೆ.