ಮೂಗು ಗುರುತಿಗೆ, ನಗುವುದಕ್ಕಲ್ಲ

ಪ್ರಶ್ನೆ: ಮೊನ್ನೆ ಒಂದು ಕಾಮಿಡಿ ಕಾರ್ಯಕ್ರಮದಲ್ಲಿ ನಾನು ಮೆಚ್ಚುವ ನಾಯಕರೊಬ್ಬರ ನಡಿಗೆ, ಮಾತಿನ ಧಾಟಿ ಎಲ್ಲವನ್ನೂ ಅಣಕಿಸಿದರು. ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಮಾತ್ರ ಕೆನ್ನೆಗೆ ಹೊಡೆದ ಹಾಗಾಯಿತು. ಆ ಮನುಷ್ಯನಿಗೆ ಮೂರು ಸಲ ಓಟು ಹಾಕಿದವಳು ನಾನು. ರಾಜಕಾರಣಿಗಳನ್ನು ಟೀಕಿಸಲಿ, ಬೇಡ ಅನ್ನುವುದಿಲ್ಲ. ಆದರೆ ಇದಕ್ಕೆ ಎಲ್ಲೆ ಅಂತ ಒಂದು ಬೇಡವೇ? ನೋಯಿಸಿ ನಗಿಸುವುದೂ ಒಂದು ಕಲೆಯೇ?
– ನಿವೃತ್ತ ಶಿಕ್ಷಕಿ (ಹೆಸರು ಬೇಡ ಎಂದಿದ್ದಾರೆ)

ಉತ್ತರ: ಮೇಡಂ, ಈ ಅಂಕಣಕ್ಕೆ ಬರುವ ಇಂಥ ದೂರುಗಳಲ್ಲಿ 'ಸಾರ್ವಜನಿಕರ ಭಾವನೆಗೆ ಧಕ್ಕೆಯಾಗಿದೆ' ಎಂಬ ಮಾತು ಮೊದಲ ಸಾಲಿಗೇ ಬಂದು ಕೂತಿರುತ್ತದೆ. ನೀವು ಸಾರ್ವಜನಿಕರನ್ನು ಸಾಕ್ಷಿಗೆ ಕರೆಯದೆ ನಿಮ್ಮ ಕೆನ್ನೆಯ ಸಂಗತಿಯನ್ನಷ್ಟೇ ಬರೆದಿದ್ದೀರಿ. ಹಾಗಾಗಿ ನಾನೂ ನನ್ನ ಕೆನ್ನೆಗೆ ಬಿದ್ದ ಒಂದು ಏಟಿನಿಂದಲೇ ಶುರು ಮಾಡುತ್ತೇನೆ.

28 ವರ್ಷ ಒಂದು ದಿನಪತ್ರಿಕೆಗೆ ದಿನಕ್ಕೊಂದು ಪಾಕೆಟ್ ಕಾರ್ಟೂನ್ ಬರೆದವನು ನಾನು. ಒಮ್ಮೆ ಮಂತ್ರಿಯೊಬ್ಬರು ಸದನದಲ್ಲಿ ಯಾವುದೋ ಕಾಮಗಾರಿಯ ಲೆಕ್ಕ ಕೇಳಿದಾಗ ಉತ್ತರ ಕೊಡದೆ ಜಾರಿಕೊಂಡರು. ಅವರಿಗೆ ಸ್ವಲ್ಪ ಉಗ್ಗು. ಪೇಜು ಹೋಗುವ ಹೊತ್ತಾಗಿತ್ತು, ನನ್ನ ತಲೆ ಖಾಲಿ. ಅವರನ್ನು ಮೈಕಿನ ಮುಂದೆ ನಿಲ್ಲಿಸಿ, ಬಾಯಿಂದ ಹೊರಟ ಮಾತಿನ ಗುಳ್ಳೆಯೊಳಗೆ 'ಲ... ಲ... ಲ... ಲೆಕ್ಕ' ಅಂತ ಬರೆದು ಕೊಟ್ಟೆ. ಡೆಸ್ಕಿನಲ್ಲಿ ಎಲ್ಲರೂ ನಕ್ಕರು. ಡೆಸ್ಕು ನಕ್ಕರೆ ಕಾರ್ಟೂನು ಗೆದ್ದಂತೆ ಅನ್ನುವುದು ನಮ್ಮ ಕಸುಬಿನ ಒಂದು ಮೂಢನಂಬಿಕೆ.

ನಾಲ್ಕು ದಿನ ಬಿಟ್ಟು ಅಂಚೆಯಲ್ಲಿ ಒಂದು ಕಾಗದ ಬಂತು. ಬರೆದವರು ಒಬ್ಬ ತಾಯಿ. ಮಗ ಒಂಬತ್ತನೇ ತರಗತಿ, ಅವನಿಗೂ ಉಗ್ಗು. ಯಾರೋ ನನ್ನ ಕಾರ್ಟೂನನ್ನು ಕತ್ತರಿಸಿ ಅವನ ಬೆಂಚಿಗೆ ಅಂಟಿಸಿದ್ದರಂತೆ. ಕಾಗದದಲ್ಲಿ ಬೈಗುಳ ಇರಲಿಲ್ಲ. ಕೊನೆಯಲ್ಲಿ ಇಷ್ಟಿತ್ತು: 'ಮಂತ್ರಿಗಳು ಲೆಕ್ಕ ಕೊಡಲಿಲ್ಲ ಅನ್ನುವುದು ನಿಮ್ಮ ಚಿತ್ರ ನೋಡಿದ ಮೇಲೂ ನನಗೆ ಗೊತ್ತಾಗಲಿಲ್ಲ.'

ನೋವಾಯಿತು ಎಂದಿದ್ದರೆ ಬಹುಶಃ 'ರಾಜಕೀಯದಲ್ಲಿ ಇದೆಲ್ಲ ಇದ್ದದ್ದೇ' ಅಂತ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಆಕೆ ನನ್ನ ಕೆಲಸವೇ ಕೆಟ್ಟಿದೆ ಎಂದು ತೋರಿಸಿದ್ದರು. ಮಂತ್ರಿಗೆ ನಾನು ಮಾಡಿದ್ದು ಉಪಕಾರ. ಮಾರನೇ ದಿನ ಜನ ಮಾತಾಡಿದ್ದು ಅವರ ಉಗ್ಗಿನ ಬಗ್ಗೆ, ಒಂದಿಷ್ಟು ಅನುಕಂಪವೂ ಸಿಕ್ಕಿತು, ಕಾಮಗಾರಿಯ ಲೆಕ್ಕ ಹಾಗೇ ಮುಚ್ಚಿಹೋಯಿತು. ಏಟು ತಿಂದವನು ಒಂಬತ್ತನೇ ತರಗತಿಯ ಹುಡುಗ.

ಅಲ್ಲಿಂದಾಚೆಗೆ ಕಾರ್ಟೂನು ಮುಗಿದ ಮೇಲೆ ಎಡಗೈಯಿಂದ ಅದರ ಮುಖವನ್ನು ಮುಚ್ಚಿ ನೋಡುವುದು ನನಗೆ ಅಭ್ಯಾಸವಾಯಿತು. ಮುಖ ಮುಚ್ಚಿದ ಮೇಲೂ ಆ ಮನುಷ್ಯ ಮಾಡಿದ ಕೆಲಸವೊಂದು ಕಾಗದದ ಮೇಲೆ ಉಳಿದಿದ್ದರೆ ಕಾರ್ಟೂನು ಉಳಿಯಿತು. ಏನೂ ಉಳಿಯದಿದ್ದರೆ ಹರಿದು ಹಾಕಿ ಇನ್ನೊಂದು. ಇಂಕು ಒಣಗುವ ಮೊದಲೇ ಮುಚ್ಚಲು ಹೋಗಿ ಎಷ್ಟೋ ಸಲ ಅಂಗೈ ಕಪ್ಪಾಗಿದೆ.

ಹಾಗಂತ ದೇಹವನ್ನು ಮುಟ್ಟಲೇಬಾರದು ಅಂದರೆ ನಾವು ಅಂಗಡಿ ಮುಚ್ಚಬೇಕು. ಮೂಗು ಇಲ್ಲದೆ ಗುರುತು ಹೇಗೆ ಸಿಗುತ್ತದೆ? 1831ರಲ್ಲಿ ಪ್ಯಾರಿಸ್‌ನ 'ಲಾ ಕ್ಯಾರಿಕೇಚರ್' ಪತ್ರಿಕೆಯ ಶಾರ್ಲ್ ಫಿಲಿಪೋನ್, ರಾಜ ಲೂಯಿ ಫಿಲಿಪ್‌ನನ್ನು ಅವಮಾನಿಸಿದ ಆರೋಪಕ್ಕಾಗಿ ಕೋರ್ಟಿನಲ್ಲಿ ನಿಲ್ಲಬೇಕಾಯಿತು. ಆತ ಅಲ್ಲೇ ನಾಲ್ಕು ಚಿತ್ರ ಬರೆದು ತೋರಿಸಿದ. ಮೊದಲನೆಯದು ರಾಜನ ಮುಖ. ಎರಡನೆಯದರಲ್ಲಿ ಕೆನ್ನೆ ಸ್ವಲ್ಪ ಜೋತುಬಿದ್ದಿದೆ, ಮೂರನೆಯದರಲ್ಲಿ ಇನ್ನಷ್ಟು, ನಾಲ್ಕನೆಯದು ಬರೀ ಪೇರ್ ಹಣ್ಣು. ಇವುಗಳಲ್ಲಿ ಯಾವುದರಿಂದ ಅಪರಾಧ ಶುರುವಾಗುತ್ತದೆ ಹೇಳಿ, ಹಣ್ಣು ರಾಜನನ್ನು ಹೋಲಿದರೆ ನನ್ನದೇನು ತಪ್ಪು ಎಂಬುದು ಅವನ ವಾದ. ವಾದ ಕೇಳಿಯೂ ಆರು ತಿಂಗಳು ಜೈಲು ಕೊಟ್ಟರು. ಅಷ್ಟರಲ್ಲಿ ಪ್ಯಾರಿಸ್‌ನ ಗೋಡೆಗಳ ಮೇಲೆಲ್ಲ ಹುಡುಗರು ಪೇರ್ ಹಣ್ಣು ಗೀಚತೊಡಗಿದ್ದರು. ನನ್ನ ಮಟ್ಟಿಗೆ ಆ ಹಣ್ಣು ಬರೀ ಗುರುತು. ಕುಟುಕು ಬಂದದ್ದು ಅದೇ ಪತ್ರಿಕೆ ಬಳಗದ ದೋಮಿಯೆ ಬರೆದ ಚಿತ್ರದಲ್ಲಿ: ಅದೇ ಹಣ್ಣಿನ ತಲೆಯ ರಾಜ ಸಿಂಹಾಸನದಲ್ಲಿ ಬಾಯಿ ತೆರೆದು ಕೂತಿದ್ದಾನೆ, ಬಡವರು ಹಣದ ಬುಟ್ಟಿ ಹೊತ್ತು ಹಲಗೆ ಹತ್ತಿ ಅವನ ಬಾಯಿಗೆ ಸುರಿಯುತ್ತಿದ್ದಾರೆ, ಸಿಂಹಾಸನದ ಕೆಳಗಿನಿಂದ ಬಿರುದು ಬಾವಲಿಗಳು ಉದುರುತ್ತಿವೆ. ಅಸಹ್ಯವೇ? ಖಂಡಿತ ಅಸಹ್ಯ. ಆದರೆ ಮುಖ ಮುಚ್ಚಿ ನೋಡಿ, ಬುಟ್ಟಿಗಳು ಹಾಗೇ ಇರುತ್ತವೆ. ದೋಮಿಯೆಯೂ 1832ರಲ್ಲಿ ಜೈಲಿಗೆ ಹೋದ.

ನ್ಯೂಯಾರ್ಕಿನ ಥಾಮಸ್ ನಾಸ್ಟ್ 1871ರಲ್ಲಿ ನಗರದ ಖಜಾನೆ ನುಂಗುತ್ತಿದ್ದ ರಾಜಕಾರಣಿ ಬಾಸ್ ಟ್ವೀಡ್‌ನನ್ನು ಬರೆದದ್ದಂತೂ ನನಗೆ ಪಾಠದ ಹಾಗೆ. ಸೂಟು ಹಾಕಿದ ಭಾರಿ ದೇಹ, ತಲೆ ಇರಬೇಕಾದಲ್ಲಿ ಹಣದ ಚೀಲ, ಅದರ ಮೇಲೆ ಕಣ್ಣು ಮೂಗಿನ ಬದಲು ಡಾಲರ್ ಗುರುತು. ಕೈಯಿಂದ ಮುಚ್ಚೋಣ ಅಂದರೆ ಅಲ್ಲಿ ಮುಖವೇ ಇಲ್ಲ! ಮುಂದೆ ಟ್ವೀಡ್ ದೇಶ ಬಿಟ್ಟು ಓಡಿದಾಗ 1876ರಲ್ಲಿ ಸ್ಪೇನ್‌ನಲ್ಲಿ ಅವನನ್ನು ಗುರುತು ಹಿಡಿದದ್ದು ನಾಸ್ಟ್‌ನ ಇನ್ನೊಂದು ಚಿತ್ರದಿಂದ.

ನಮ್ಮಲ್ಲಿ ಅಬು ಅಬ್ರಹಾಂ ಅವರ ಬಾತ್‌ಟಬ್ ಕಾರ್ಟೂನು ನಿಮಗೂ ನೆನಪಿರಬಹುದು. ತುರ್ತು ಪರಿಸ್ಥಿತಿಯ ಕಾಲ, 1975ರ ಡಿಸೆಂಬರ್. ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಟಬ್ಬಿನಲ್ಲಿ ಬರಿಮೈಯಲ್ಲಿ ಕೂತು, ಸಹಿ ಮಾಡಿದ ಕಾಗದವನ್ನು ಬಾಗಿಲಾಚೆಯ ಕೈಗೆ ಕೊಡುತ್ತಾ, ಇನ್ನೂ ಸುಗ್ರೀವಾಜ್ಞೆಗಳಿದ್ದರೆ ಸ್ವಲ್ಪ ಕಾಯಲು ಹೇಳಿ ಎನ್ನುತ್ತಿದ್ದಾರೆ. ದೇಶದ ಪ್ರಥಮ ಪ್ರಜೆಯನ್ನು ಸ್ನಾನದ ಮನೆಯಲ್ಲಿ ತೋರಿಸುವುದು ಎಲ್ಲೆ ಮೀರಿದ್ದು ಎಂದು ಇಂದಿಗೂ ಕೆಲವರು ಹೇಳುತ್ತಾರೆ. ನನಗೆ ಅದರಲ್ಲಿ ಕಾಣುವುದು ಮೈಯಲ್ಲ, ಆ ಸಹಿ.

ಇನ್ನು ಎಲ್ಲೆಯ ಮಾತು. ಅದಕ್ಕೊಂದು ಅಳತೆಗೋಲು ಸಿಕ್ಕರೆ ಎಲ್ಲರಿಗೂ ಸುಲಭ. ಅಮೆರಿಕದಲ್ಲಿ ಜೆರ್ರಿ ಫಾಲ್ವೆಲ್ ಎಂಬ ಪ್ರಭಾವಿ ಧರ್ಮಬೋಧಕರ ಮೇಲೆ ಒಂದು ಅಶ್ಲೀಲ ಪತ್ರಿಕೆ ಅವರ ತಾಯಿಯನ್ನೂ ಎಳೆದು ಹೊಲಸು ಅಣಕ ಜಾಹೀರಾತು ಹಾಕಿತ್ತು. ನನ್ನ ಪತ್ರಿಕೆಯಲ್ಲಾಗಿದ್ದರೆ ಅದನ್ನು ಕಸದ ಬುಟ್ಟಿಗೆ ಹಾಕುತ್ತಿದ್ದೆ. ಕೇಸು ಸುಪ್ರೀಂ ಕೋರ್ಟಿಗೆ ಹೋಗಿ, 1988ರಲ್ಲಿ ನ್ಯಾಯಮೂರ್ತಿಗಳು ಒಮ್ಮತದಿಂದ ಪತ್ರಿಕೆಯ ಪರ ತೀರ್ಪು ಕೊಟ್ಟರು. ರಾಜಕೀಯದ ಮಾತಿನಲ್ಲಿ 'ಅತಿಯಾಯಿತು' ಅನ್ನುವುದನ್ನೇ ಅಳತೆ ಮಾಡಿಕೊಂಡರೆ ತೀರ್ಪು ಕೊಡುವವರ ಇಷ್ಟಾನಿಷ್ಟವೇ ಕಾನೂನಾಗಿಬಿಡುತ್ತದೆ ಎಂಬುದು ಅವರ ಕಾರಣ. ತೀರ್ಪಿನಲ್ಲಿ ನಮ್ಮ ನಾಸ್ಟ್ ಹೆಸರೂ ಬಂದಿದೆ. ಆ ಜಾಹೀರಾತು ನನಗೆ ಇವತ್ತಿಗೂ ಹೇಸಿಗೆ, ಆ ತೀರ್ಪು ಇವತ್ತಿಗೂ ಸರಿ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಲು ನನಗೆ ಕಷ್ಟವಾಗಿಲ್ಲ.

ಕಷ್ಟವಾದದ್ದು ಬೇರೆ ಕಡೆ. ಕಾರ್ಟೂನಿಸ್ಟ್ ಶಂಕರ್ 1949ರಲ್ಲಿ ಬರೆದ ಚಿತ್ರ: ಸಂವಿಧಾನ ಎಂಬ ಬಸವನಹುಳುವಿನ ಮೇಲೆ ಅಂಬೇಡ್ಕರ್ ಚಾವಟಿ ಹಿಡಿದು ಕೂತಿದ್ದಾರೆ, ಹಿಂದೆ ನೆಹರೂ ಚಾವಟಿ ಎತ್ತಿ ನಿಂತಿದ್ದಾರೆ. ಸಂವಿಧಾನ ರಚನೆ ನಿಧಾನವಾಯಿತು ಎನ್ನುವುದು ಅಂದಿನ ಕುಟುಕು. 2006ರಲ್ಲಿ ಅದು ಎನ್‌ಸಿಇಆರ್‌ಟಿಯ 11ನೇ ತರಗತಿಯ ಪುಸ್ತಕ ಸೇರಿತು, 2012ರ ಮೇ ತಿಂಗಳಲ್ಲಿ ಅದು ಅಂಬೇಡ್ಕರ್‌ಗೆ ಅವಮಾನ ಎಂದು ಸಂಸತ್ತಿನಲ್ಲಿ ಕೋಲಾಹಲವಾಯಿತು. ಪುಸ್ತಕದ ಸಲಹೆಗಾರರಾಗಿದ್ದ ಯೋಗೇಂದ್ರ ಯಾದವ್, ಸುಹಾಸ್ ಪಳಶೀಕರ್ ರಾಜೀನಾಮೆ ಕೊಟ್ಟರು. ಮೊದಲಿಗೆ ನಾನೂ 'ಎರಡು ಚಾವಟಿಯೂ ಹುಳುವಿನ ಮೇಲೆ, ಇವರಿಗೆ ಕಾರ್ಟೂನು ಓದಲು ಬರುವುದಿಲ್ಲ' ಅಂತ ಜೋರಾಗಿಯೇ ಮಾತಾಡಿದೆ. ಆಮೇಲೆ ದಲಿತ ಗೆಳೆಯನೊಬ್ಬ ಪುಸ್ತಕವನ್ನು ನನ್ನ ಮುಂದಿಟ್ಟು, 'ಹುಳು ಬಿಟ್ಟುಬಿಡು. ನಮ್ಮ ಹುಡುಗ ಕ್ಲಾಸಿನಲ್ಲಿ ಈ ಪುಟ ತೆಗೆದಾಗ ಅವನ ಕಣ್ಣಿಗೆ ಮೊದಲು ಏನು ಬೀಳುತ್ತದೆ ಹೇಳು' ಎಂದ. ಅಂಬೇಡ್ಕರ್ ಬೆನ್ನ ಹಿಂದೆ ಎತ್ತಿದ ಚಾವಟಿ. ನನಗೆ ಮತ್ತೆ ಆ ಬೆಂಚಿನ ನೆನಪಾಯಿತು. ಶಂಕರ್ ತಪ್ಪು ಬರೆದರು ಎಂದು ಇಂದಿಗೂ ಅನಿಸುವುದಿಲ್ಲ, ಪುಟ ಕಿತ್ತುಹಾಕಬೇಕಿತ್ತು ಎಂದೂ ಅನಿಸುವುದಿಲ್ಲ. ಆದರೆ ಗೆಳೆಯನ ನೋವು ನಾಟಕವಾಗಿರಲಿಲ್ಲ.

ಈಗ ನಿಮ್ಮ ಕೆನ್ನೆ. ಅಣಕ ನಾಯಕರದ್ದು, ಉರಿ ನಿಮಗೆ. ಓಟು ಹಾಕಿದ ಮೇಲೆ ಅವರು ನಮ್ಮ ಆಯ್ಕೆ. ಅವರನ್ನು ನೋಡಿ ನಕ್ಕರೆ ನಮ್ಮ ಬುದ್ಧಿಯನ್ನು ನೋಡಿ ನಕ್ಕ ಹಾಗೆ ಅನಿಸುವುದು ಸಹಜ. ರಾಜಕಾರಣಿಗಳಿಗೆ ಈ ಗುಟ್ಟು ಚೆನ್ನಾಗಿ ಗೊತ್ತು. ಅವರಲ್ಲಿ ಜಾಣರು 'ನನಗೆ ಅವಮಾನವಾಯಿತು' ಅನ್ನುವುದಿಲ್ಲ, 'ನನ್ನ ಜನರಿಗೆ ಅವಮಾನವಾಯಿತು' ಅನ್ನುತ್ತಾರೆ. ಅಲ್ಲಿಗೆ ಲೆಕ್ಕ ಕೊಡಬೇಕಾದವರು ಒಬ್ಬರು, ಸಿಟ್ಟು ಮಾಡಿಕೊಳ್ಳುವವರು ಲಕ್ಷ ಜನ. ತಪ್ಪು ನಮ್ಮ ಕಡೆಯೂ ಇದೆ. ಮೈಕು ಹಿಡಿದ ಕೆಲವರು ನಾಯಕನನ್ನು ಬಿಟ್ಟು ಅವನಿಗೆ ಓಟು ಹಾಕಿದವರ ಬಟ್ಟೆ, ಭಾಷೆ, ಓದನ್ನು ಆಡಿಕೊಳ್ಳುತ್ತಾರೆ. ಅದಕ್ಕೆ ಧೈರ್ಯವೂ ಬೇಕಿಲ್ಲ, ಹೋಮ್‌ವರ್ಕೂ ಬೇಕಿಲ್ಲ.

ಆ ಕಾರ್ಯಕ್ರಮವನ್ನು ಇನ್ನೊಮ್ಮೆ ನೋಡಿ ಮೇಡಂ, ಈ ಸಲ ಒಬ್ಬರೇ. ನಡಿಗೆ, ಧಾಟಿ ತೆಗೆದಮೇಲೆ ಅದರಲ್ಲಿ ಏನಾದರೂ ಉಳಿಯುತ್ತದೆಯೇ? ಉಳಿಯದಿದ್ದರೆ ಅದು ಮಿಮಿಕ್ರಿ, ನಿಮ್ಮ ಸಿಟ್ಟು ನ್ಯಾಯವಾದದ್ದು, ಚಾನೆಲಿಗೆ ನಾಲ್ಕು ಸಾಲು ಬರೆಯಿರಿ. ಏನಾದರೂ ಉಳಿದರೆ, ಆ ಪ್ರಶ್ನೆಯನ್ನು ಮೂರು ಸಲ ಓಟು ಹಾಕಿದ ನೀವೇ ಅವರಿಗೆ ಕೇಳಬಹುದು. ಉಳಿದವರಿಗಿಂತ ನಿಮಗೆ ಅಧಿಕಾರ ಜಾಸ್ತಿ.

ಪ್ರಶ್ನೆ: ನೀವು ಕಾರ್ಟೂನಿಸ್ಟರು ಯಾವಾಗಲೂ ಆಡಳಿತ ಪಕ್ಷವನ್ನೇ ಹಿಡಿದುಕೊಳ್ಳುತ್ತೀರಲ್ಲ, ಇದು ಪಕ್ಷಪಾತ ಅಲ್ಲವೇ?

ಉತ್ತರ: ಖಜಾನೆಯ ಕೀಲಿ ವಿರೋಧ ಪಕ್ಷದ ಕೈಗೆ ಬಂದ ದಿನ ಅವರನ್ನೇ ಹಿಡಿದುಕೊಳ್ಳುತ್ತೇವೆ. ನನ್ನ ಕಾಲದಲ್ಲಿ ಸರ್ಕಾರ ಬದಲಾದಾಗಲೆಲ್ಲ ನನಗೆ ಬರುವ ಬೈಗುಳದ ಕಾಗದಗಳ ವಿಳಾಸವೂ ಬದಲಾಗುತ್ತಿತ್ತು.

ಪ್ರಶ್ನೆ: ನನಗೆ 22 ವರ್ಷ. ಇನ್‌ಸ್ಟಾದಲ್ಲಿ ರಾಜಕೀಯ ಮೀಮ್ ಹಾಕುತ್ತೇನೆ. ಅಪ್ಪ 'ಜೈಲಿಗೆ ಹೋಗ್ತೀಯ' ಅಂತ ದಿನಾ ಹೆದರಿಸುತ್ತಾರೆ. ಕಾನೂನು ನಿಜವಾಗಿ ಏನು ಹೇಳುತ್ತದೆ?

ಉತ್ತರ: ತಮ್ಮಾ, ನಾನು ವಕೀಲನಲ್ಲ, ಆದರೆ ನಿಮ್ಮ ಅಪ್ಪನ ಭಯ ಹುಚ್ಚು ಭಯವೇನಲ್ಲ. ಸಂವಿಧಾನದ 19(2)ನೇ ವಿಧಿ ಮಾತಿನ ಸ್ವಾತಂತ್ರ್ಯಕ್ಕೆ ಯಾವ ಯಾವ ಕಾರಣಕ್ಕೆ ಮಿತಿ ಹಾಕಬಹುದು ಎಂದು ಪಟ್ಟಿ ಕೊಡುತ್ತದೆ. ಮಾನಹಾನಿ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಮುಂತಾದವು ಅದರಲ್ಲಿವೆ. ಯಾರಿಗೋ ಕಿರಿಕಿರಿಯಾಯಿತು ಎಂಬುದು ಇಲ್ಲ. ಕಿರಿಕಿರಿಯನ್ನೂ ಅಪರಾಧ ಮಾಡಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡಿತು. ಇದು ಪುಸ್ತಕದ ಮಾತು. ನಡೆದದ್ದು ಹೇಳುತ್ತೇನೆ ಕೇಳಿ: ಪಶ್ಚಿಮ ಬಂಗಾಳದ ಪ್ರಾಧ್ಯಾಪಕರೊಬ್ಬರು ಮುಖ್ಯಮಂತ್ರಿಯ ಬಗೆಗಿನ ಒಂದು ಅಣಕ ಚಿತ್ರವನ್ನು ಇಮೇಲ್‌ನಲ್ಲಿ ಫಾರ್ವರ್ಡ್ ಮಾಡಿದ್ದಕ್ಕೆ 2012ರ ಏಪ್ರಿಲ್‌ನಲ್ಲಿ ಬಂಧನಕ್ಕೊಳಗಾದರು. ಪ್ರಕರಣದಿಂದ ಪೂರ್ತಿ ಬಿಡುಗಡೆ ಸಿಕ್ಕಿದ್ದು 2023ರ ಜನವರಿಯಲ್ಲಿ. ಸೆಕ್ಷನ್ ಸತ್ತ ಮೇಲೂ ಕೇಸು ಏಳೆಂಟು ವರ್ಷ ಬದುಕಿತ್ತು. ಶಿಕ್ಷೆಯಾಗದಿದ್ದರೂ ಕೋರ್ಟಿಗೆ ಅಲೆಯುವುದೇ ಶಿಕ್ಷೆ. ಮೀಮ್ ಹಾಕಿ. ನಾಯಕ ಆಡದ ಮಾತನ್ನು ಆಡಿದಂತೆ ಎಡಿಟ್ ಮಾಡಬೇಡಿ, ಅವರ ಮನೆಯ ಮಕ್ಕಳನ್ನು ಎಳೆಯಬೇಡಿ, ಯಾವ ಸುದ್ದಿಯ ಮೇಲೆ ಮಾಡಿದ್ದೋ ಅದರ ದಿನಾಂಕ ಒಂದು ಮೂಲೆಯಲ್ಲಿರಲಿ.

ಪ್ರಶ್ನೆ: ವಾಟ್ಸ್‌ಆ್ಯಪ್‌ನಲ್ಲಿ ಬರುವುದು ವ್ಯಂಗ್ಯವೋ ಸುದ್ದಿಯೋ ಗೊತ್ತೇ ಆಗುವುದಿಲ್ಲ. ನನಗೆ ವಯಸ್ಸಾಗಿದ್ದಕ್ಕೆ ಹೀಗೋ?

ಉತ್ತರ: ಸಮಾಧಾನ ಮಾಡಿಕೊಳ್ಳಿ ಸ್ವಾಮಿ. 2012ರಲ್ಲಿ 'ದಿ ಆನಿಯನ್' ಎಂಬ ಅಮೆರಿಕದ ವಿಡಂಬನೆ ಪತ್ರಿಕೆ ಉತ್ತರ ಕೊರಿಯಾದ ಕಿಮ್ ಜಾಂಗ್ ಉನ್ ಅವರನ್ನು ಜಗತ್ತಿನ ಅತ್ಯಂತ ಮೋಹಕ ಪುರುಷ ಎಂದು ಘೋಷಿಸಿತು. ಚೀನಾದ ಅಧಿಕೃತ ಪೀಪಲ್ಸ್ ಡೈಲಿಯ ಆನ್‌ಲೈನ್ ಆವೃತ್ತಿ ಅದನ್ನು ನಿಜವೆಂದೇ ತಿಳಿದು 55 ಫೋಟೋಗಳ ಜೊತೆ ಹಾಕಿತು. ಅಲ್ಲಿ ಕೆಲಸ ಮಾಡುವವರಿಗೆಲ್ಲ ನಿಮ್ಮ ವಯಸ್ಸಾಗಿರಲಾರದು.

ಪ್ರಶ್ನೆ: ಊರಿನವರನ್ನೆಲ್ಲ ಗೇಲಿ ಮಾಡಿದ ನಿಮ್ಮನ್ನು ಯಾರಾದರೂ ಗೇಲಿ ಮಾಡಿದ್ದಾರೆಯೇ? ಆಗ ಹೇಗನಿಸಿತು?

ಉತ್ತರ: ನಿವೃತ್ತಿಯ ದಿನ ಡೆಸ್ಕಿನ ಹುಡುಗರು ನನ್ನದೊಂದು ಕ್ಯಾರಿಕೇಚರ್ ಬರೆದು, ಫ್ರೇಮ್ ಹಾಕಿಸಿ ಕೊಟ್ಟರು. ಗಡಿಯಾರ ಏಳೂವರೆ ತೋರಿಸುತ್ತಿದೆ, ಪೇಜಿನವನು ಬಾಗಿಲಲ್ಲಿ ನಿಂತು ಕೂಗುತ್ತಿದ್ದಾನೆ, ನಾನು ಬಿಳಿ ಹಾಳೆಯ ಮುಂದೆ ಪೆನ್ನು ಕಚ್ಚುತ್ತಾ ಕೂತಿದ್ದೇನೆ. ನೂರಕ್ಕೆ ನೂರು ನಿಜ, ಅದಕ್ಕೆ ತಕರಾರಿಲ್ಲ. ಆದರೆ ಕಿವಿಗಳನ್ನು ಮೊರದಷ್ಟು ಮಾಡಿದ್ದರು. ಅಷ್ಟು ದೊಡ್ಡದಿಲ್ಲ ಅಂತ ವಾರಗಟ್ಟಲೆ ಮನೆಯವಳ ಹತ್ತಿರ ವಾದಿಸಿದೆ. ಆಕೆ ಏನೂ ಹೇಳದೆ ಅದನ್ನು ಹಾಲಿನಲ್ಲೇ ತೂಗುಹಾಕಿದಳು. ಮೊನ್ನೆ ಎರಡು ವರ್ಷದ ಮೊಮ್ಮಗಳು ಅದರ ಮುಂದೆ ನಿಂತು, ಬೆರಳು ಚಾಚಿ, 'ತಾತ' ಎಂದಳು.