ಪೋಪ್‌ಗೆ ಮಗ ಎಲ್ಲಿಂದ ಬಂದ?

ಡ್ಯೂಕ್ ಎಂಬ ಪಟ್ಟದ ದೊರೆಗಳು ಆಳುತ್ತಿದ್ದ ಇಟಲಿಯ ಪುಟ್ಟ ರಾಜ್ಯ ಪಾರ್ಮಾ ಬಗ್ಗೆ ಕಳೆದ ಸಂಚಿಕೆಯಲ್ಲಿ ಹಾಕಿದ್ದ ಪುಟ್ಟ ಬರಹ ನೋಡಿ ಓದುಗರೊಬ್ಬರು ಮೂರು ಪ್ರಶ್ನೆ ಕೇಳಿದ್ದಾರೆ. 'ಪೋಪ್ ತನ್ನ ಮಗನಿಗೆ ರಾಜ್ಯ ಕೊಟ್ಟ' ಎಂದಿದ್ದೀರಿ, ಮದುವೆಯೇ ಆಗದ ಪೋಪ್‌ಗೆ ಮಗ ಹೇಗೆ, ಅಚ್ಚಿನ ತಪ್ಪಾ? ಆ ಮಗನ ಫಾರ್ನೇಸೆ ವಂಶ ಮುಗಿದ ಮೇಲೆ ಪಾರ್ಮಾ ಸ್ಪೇನಿನ ರಾಜಮನೆತನವಾದ ಬೂರ್ಬನ್ನರಿಗೆ ಯಾಕೆ ಹೋಯಿತು? ನೆಪೋಲಿಯನ್ನನ ಹೆಂಡತಿ ಆಳಿದ ಮೇಲೆ ಅವಳ ಮಗ ಯಾಕೆ ಡ್ಯೂಕ್ ಆಗಲಿಲ್ಲ?

ಅಚ್ಚಿನ ತಪ್ಪಲ್ಲ ಸ್ವಾಮಿ. ಪೋಪ್ ಮೂರನೇ ಪಾಲ್‌ಗೆ ಮಕ್ಕಳಿದ್ದರು. ಅವರು ಹುಟ್ಟಿದ್ದು ಆತ ಇನ್ನೂ ಕಾರ್ಡಿನಲ್ (ಪೋಪ್‌ಗೆ ಕೆಳಗಿನ ಚರ್ಚಿನ ದೊಡ್ಡ ಹುದ್ದೆ) ಆಗಿದ್ದಾಗ, ಪಾದ್ರಿ ದೀಕ್ಷೆ ತಗೊಳ್ಳುವ ಮೊದಲು. ಆ ಕಾಲದಲ್ಲಿ ಇದೆಲ್ಲ ನಡೀತಿತ್ತು. 1545ರಲ್ಲಿ ಆತ ಚರ್ಚಿನ ಕೈಯಲ್ಲಿದ್ದ ಪಾರ್ಮಾ, ಪಿಯಾಚೆಂಜಾ ಎರಡನ್ನೂ ಸೇರಿಸಿ ಮಗ ಪಿಯೆರ್ ಲುಯಿಜಿ ಫಾರ್ನೇಸೆಗೆ ಕೊಟ್ಟುಬಿಟ್ಟ. ಎರಡೇ ವರ್ಷ. 1547ರ ಸೆಪ್ಟೆಂಬರ್ 10ರಂದು ಪಿಯಾಚೆಂಜಾದ ಸಿರಿವಂತರು ಅವನನ್ನು ಅರಮನೆಯಲ್ಲೇ ಕೊಂದು ಹೆಣವನ್ನು ಕಿಟಕಿಯಿಂದ ನೇತುಹಾಕಿದರು. ಹಿಂದೆಯೇ ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿ ಐದನೇ ಚಾರ್ಲ್ಸ್‌ನ ಸೈನ್ಯ ಬಂದು ಊರು ಹಿಡಿಯಿತು. ತಮಾಷೆ ಅಂದ್ರೆ, ಸತ್ತವನ ಮಗ ಒತ್ತಾವಿಯೊ ಇದೇ ಚಕ್ರವರ್ತಿಯ ಅಳಿಯ! ಬೀಗರ ಊರನ್ನೇ ನುಂಗಿದ ಹಾಗಾಯಿತು ನೋಡಿ. ಪಿಯಾಚೆಂಜಾ ವಾಪಸ್ ಬಂದದ್ದು 1556ರಲ್ಲಿ.

ಆಮೇಲಿನ ಫಾರ್ನೇಸೆಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಬ್ಬ ದೊಡ್ಡ ಸೇನಾಪತಿ, ಅವನಿಗೆ ಡ್ಯೂಕ್ ಪಟ್ಟ ಬಂದರೂ ಆಳಲು ಊರಿಗೇ ಬರಲಿಲ್ಲ. ಅವನ ಮಗ ಟಸ್ಕನಿಯ ದೊರೆ ಬರುತ್ತಾನೆಂದು 1618ರಲ್ಲಿ ಮರದ ದೊಡ್ಡ ನಾಟಕಶಾಲೆ ಕಟ್ಟಿಸಿದ. ದೊರೆ ಬರಲೇ ಇಲ್ಲ, ಹತ್ತು ವರ್ಷ ಅಲ್ಲಿ ಒಂದು ಆಟವೂ ಆಗಲಿಲ್ಲ.

ಎರಡನೇ ಪ್ರಶ್ನೆಗೆ ಬರೋಣ, ಕತೆಯ ರುಚಿ ಇರುವುದೇ ಅಲ್ಲಿ. ಕೊನೆಯ ಫಾರ್ನೇಸೆ ಡ್ಯೂಕ್ ಅಂತೋನಿಯೊ, ತುಂಬಾ ದಪ್ಪಗಿದ್ದ ಮನುಷ್ಯ, 1731ರ ಜನವರಿಯಲ್ಲಿ ಸತ್ತ. ಹೆಂಡತಿ ಎನ್ರಿಕೆತ್ತಾ ಬಸುರಿ ಎಂದು ನಂಬಿ, ಹೊಟ್ಟೆಯಲ್ಲಿರುವ ಕೂಸಿಗೇ ಆಸ್ತಿ ಬರೆದಿಟ್ಟು ಹೋಗಿದ್ದ. ಯುರೋಪಿನ ಅರಮನೆಗಳೆಲ್ಲ ಆ ಹೊಟ್ಟೆಯ ಕಡೆಗೇ ಕಣ್ಣು ನೆಟ್ಟು ತಿಂಗಳುಗಟ್ಟಲೆ ಕಾದು ಕೂತವು. ಕೂಸು ಇರಲೇ ಇಲ್ಲ. ಆಗ ಬಂದದ್ದು ಅಂತೋನಿಯೊನ ಅಣ್ಣನ ಮಗಳು ಎಲಿಸಬೆತ್ತಾಳ ಹಕ್ಕು. ಅವಳು 1714ರಲ್ಲೇ ಸ್ಪೇನಿನ ಬೂರ್ಬನ್ ರಾಜ ಐದನೇ ಫಿಲಿಪ್‌ನನ್ನು ಮದುವೆಯಾಗಿದ್ದಳು. ಅಲ್ಲಿ ಸಿಂಹಾಸನ ಮೊದಲ ಹೆಂಡತಿಯ ಮಗನಿಗೆ, ಹಾಗಾಗಿ ತನ್ನ ಮಕ್ಕಳಿಗೆ ಇಟಲಿಯಲ್ಲಿ ಜಾಗ ಹುಡುಕಿ ಹಟ ಹಿಡಿದಳು. ದೊಡ್ಡ ಮಗ ಕಾರ್ಲೋಸ್‌ಗೆ ಪಾರ್ಮಾ ಸಿಕ್ಕಿತು. ಅವನು 1734ರಲ್ಲಿ ನೇಪಲ್ಸ್ ಗೆದ್ದು, ಹೋಗುವಾಗ ಅಜ್ಜನ ಮನೆಯ ಚಿತ್ರಗಳನ್ನೂ ಪುಸ್ತಕಗಳನ್ನೂ ಕಟ್ಟಿಸಿಕೊಂಡು ಹೋದ. ಆ ಚಿತ್ರಗಳಲ್ಲಿ ಬಹಳಷ್ಟು ಇವತ್ತಿಗೂ ನೇಪಲ್ಸ್‌ನಲ್ಲೇ ಇವೆ. ಬರಿದಾದ ಪಾರ್ಮಾ ಆಸ್ಟ್ರಿಯಾದ ರಾಜಮನೆತನವಾದ ಹ್ಯಾಪ್ಸ್‌ಬರ್ಗರ ಪಾಲಾಯಿತು, 1748ರ ಒಪ್ಪಂದದಲ್ಲಿ ಎಲಿಸಬೆತ್ತಾಳ ಇನ್ನೊಬ್ಬ ಮಗ ಫಿಲಿಪ್‌ಗೆ ಬಂತು. ಮನೆತನದ ಹೆಸರು ಬದಲಾಯಿತು ಅಂತ ನಾವು ಬರೆದುಬಿಡುತ್ತೇವೆ, ನಿಜವಾಗಿ ಫಾರ್ನೇಸೆ ಮನೆಮಗಳ ಕೈಯಿಂದ ಅವಳ ಮಕ್ಕಳ ಕೈಗೆ ಹೋದದ್ದು ಅಷ್ಟೆ.

ಮೂರನೆಯದು. ನೆಪೋಲಿಯನ್ ಸೋತ ಮೇಲೆ ವಿಯೆನ್ನಾದಲ್ಲಿ ಕೂತ ದೊರೆಗಳು 1815ರಲ್ಲಿ ಅವನ ಹೆಂಡತಿ, ಆಸ್ಟ್ರಿಯಾ ಚಕ್ರವರ್ತಿಯ ಮಗಳು ಮರಿಯಾ ಲುಯಿಜಿಯಾಗೆ ಪಾರ್ಮಾ ಕೊಟ್ಟರು. ಆದರೆ ಬದುಕಿರುವ ತನಕ ಮಾತ್ರ. ನೆಪೋಲಿಯನ್ನನ ರಕ್ತ ಮತ್ತೆ ಯಾವ ಗದ್ದುಗೆಗೂ ಬರಬಾರದು ಅಂತ. ಅವಳ ಮಗನನ್ನು ವಿಯೆನ್ನಾದಲ್ಲೇ ಇಟ್ಟುಕೊಂಡರು, 1832ರಲ್ಲಿ ಅವನು ತೀರಿಕೊಂಡ. ಅವಳು 1847ರ ತನಕ ಆಳಿದಳು, ಊರಿಗೆ ಒಪೆರಾ ಮನೆ, ಸೇತುವೆ ಕಟ್ಟಿಸಿದಳು. ನನ್ನ ಮಟ್ಟಿಗೆ ಪಾರ್ಮಾ ಆಳಿದವರಲ್ಲೆಲ್ಲ ಊರನ್ನು ತನ್ನದೆಂದುಕೊಂಡವಳು ಇವಳೇ. ಅವಳ ನಂತರ ಪಾರ್ಮಾ ಮತ್ತೆ ಬೂರ್ಬನ್ನರಿಗೆ. ಅವರಲ್ಲೊಬ್ಬ, ಮೂರನೇ ಚಾರ್ಲ್ಸ್, 1854ರಲ್ಲಿ ಬೀದಿಯಲ್ಲಿ ಚೂರಿ ಇರಿತಕ್ಕೆ ಸಿಕ್ಕಿ ಸತ್ತ. ಕೊನೆಯ ಡ್ಯೂಕ್ ರಾಬರ್ಟ್ 1859ರಲ್ಲಿ ತಾಯಿಯ ಜೊತೆ ಊರು ಬಿಟ್ಟಾಗ ಇನ್ನೂ ಹತ್ತು ವರ್ಷದ ಹುಡುಗ. ಮುಂದೆ ಇಬ್ಬರು ಹೆಂಡಿರಿಂದ ಅವನಿಗೆ 24 ಮಕ್ಕಳಾದರು. ಒಬ್ಬ ಮಗಳು ಜೀತಾ ಆಸ್ಟ್ರಿಯಾದ ಕೊನೆಯ ಚಕ್ರವರ್ತಿನಿ. ಒಬ್ಬ ಮಗ ಲಕ್ಸೆಂಬರ್ಗನ್ನು ಆಳುತ್ತಿದ್ದ ಗ್ರ್ಯಾಂಡ್ ಡಚೆಸ್ಸನ್ನು ಮದುವೆಯಾದ, ಅವರ ಸಂತಾನವೇ ಈಗಲೂ ಅಲ್ಲಿ ಗದ್ದುಗೆಯಲ್ಲಿದೆ.

ನಮ್ಮ ತಪ್ಪೂ ಒಂದಿದೆ. ಕಳೆದ ಸಂಚಿಕೆಯ ಬರಹದಲ್ಲಿದ್ದ ಆಳಿದವರ ಪಟ್ಟಿಯಲ್ಲಿ ಬೂರ್ಬನ್ನರನ್ನು ಒಂದೇ ಸಲ ಹಾಕಿದ್ದೆವು, ಅವರು ಬಂದದ್ದು ಮೂರು ಸಲ. ಮುಂದಿನ ಸಂಚಿಕೆಯಲ್ಲಿ ಸರಿಪಡಿಸುತ್ತೇವೆ. ಪಿಜ್ಜಾ ಮೇಲೆ ತುರಿದು ಹಾಕುವ ಚೀಸ್ ಇದೇ ಪಾರ್ಮಾದ್ದಾ ಅಂತ ಕೊನೆಗೆ ಕೇಳಿದ್ದೀರಲ್ಲ, ಹೌದು, ಪಾರ್ಮೇಸಾನ್‌ಗೆ ಹೆಸರು ಬಂದದ್ದು ಇದೇ ಊರಿಂದ.