ಮೂರು ವಾರವಾದರೂ ಮಂಚದ ಕೆಳಗಿಂದ ಹೊರಗೆ ಬಾರದ ಬೆಕ್ಕಿನ ನಂಬಿಕೆ ಗಳಿಸುವುದು ಹೇಗೆ?

ನಿಮ್ಮ ಪ್ರಶ್ನೆ ಓದಿದೆ. ಹೊರಗೆ ಬೆಳೆದ, ಸುಮಾರು ಎರಡು ವರ್ಷದ ಹೆಣ್ಣು ಬೆಕ್ಕು. ಮನೆಗೆ ತಂದು ಮೂರು ವಾರವಾಗಿದೆ. ಹಗಲೆಲ್ಲ ಮಂಚದ ಕೆಳಗೆ ಮೂಲೆ ಹಿಡಿದು ಕೂರುತ್ತದೆ. ರಾತ್ರಿ ನೀವು ಮಲಗಿದ ಮೇಲೆ ಬಂದು ತಿಂದು ಹೋಗುತ್ತದೆ. ಕೈ ಚಾಚಿದರೆ ಬುಸ್ ಅನ್ನುತ್ತದೆ. "ನಾನೇನು ತಪ್ಪು ಮಾಡುತ್ತಿದ್ದೇನೆ, ಇದು ಎಂದಾದರೂ ನನ್ನ ಹತ್ತಿರ ಬರುತ್ತಾ?" ಅಂತ ಕೇಳಿದ್ದೀರಿ.

ತಿನ್ನುತ್ತಿದೆ, ಮಲಮೂತ್ರಕ್ಕೆ ಇಟ್ಟ ಲಿಟರ್ ಟ್ರೇ ಬಳಸುತ್ತಿದೆ ಅಂತಲೂ ಬರೆದಿದ್ದೀರಿ. ಮೂರು ವಾರಕ್ಕೆ ಅದು ಕಡಿಮೆಯೇನಲ್ಲ. ಬುಸ್ ಅನ್ನುವುದನ್ನು ಸಿಟ್ಟು ಅಂದುಕೊಳ್ಳಬೇಡಿ. "ಇನ್ನೂ ಹತ್ತಿರ ಬಂದರೆ ನನಗೆ ಓಡಲು ಜಾಗವಿಲ್ಲ" ಅಂತ ಅದು ಹೇಳುವ ರೀತಿ ಅದು. ಕಚ್ಚುವ ಮೊದಲು ಎಚ್ಚರಿಸುತ್ತಿದೆ. ಆ ಮಾತಿಗೆ ನೀವು ಪ್ರತಿ ಸಲ ಹಿಂದೆ ಸರಿದರೆ, ಇವರಿಗೆ ಹೇಳಿದರೆ ಕೇಳುತ್ತಾರೆ ಅಂತ ಅದಕ್ಕೆ ಗೊತ್ತಾಗುತ್ತದೆ.

ಹಾಗಾಗಿ ಹತ್ತಿರ ಹೋಗುವ ಕೆಲಸವನ್ನು ನೀವು ಬಿಟ್ಟುಬಿಡಿ. ಬರುವುದೋ ದೂರ ಸರಿಯುವುದೋ, ಅದನ್ನು ಬೆಕ್ಕೇ ತೀರ್ಮಾನಿಸಲಿ. ನಾನು ಇದನ್ನು ಕಲಿತದ್ದು ಒಂದು ದೊಡ್ಡ ತಪ್ಪು ಮಾಡಿದ ಮೇಲೆ.

ನನ್ನ ಬೆಕ್ಕು ಬೂದಿಯೂ ಹೀಗೇ ಬಂದವಳು. ಬೂದು ಮೈ, ಕಪ್ಪು ಪಟ್ಟೆ, ಹರಿದ ಕಿವಿಯಂಚು. ಮೊದಲ ಹತ್ತು ದಿನದಲ್ಲೇ, ನಾನು ಕೋಣೆಯಲ್ಲಿದ್ದರೂ ಬೀರುವಿನ ಹಿಂದಿನಿಂದ ಬಂದು ತಿನ್ನುವಷ್ಟು ಧೈರ್ಯ ಮಾಡಿದ್ದಳು. ಹನ್ನೊಂದನೇ ದಿನ ಲಸಿಕೆ ಹಾಕಿಸಬೇಕು ಅಂತ ಅವಸರಪಟ್ಟೆ. ಬೀರು ಸರಿಸಿ, ಮೇಲೆ ಟವೆಲ್ ಹಾಕಿ, ಹಿಡಿದು ಎಳೆದೆ. ಅವತ್ತು ಅವಳು ಕೂಗಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ನನ್ನ ಮುಂಗೈಯ ಗಾಯ ವಾರದಲ್ಲಿ ಮಾಯಿತು. ಆದರೆ ನಾನಿರುವಾಗ ಅವಳು ಮತ್ತೆ ತಟ್ಟೆಗೆ ಬಾಯಿ ಹಾಕಿದ್ದು ಐದು ವಾರ ಕಳೆದ ಮೇಲೆ. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡು, ಆಮೇಲೆ ಹಾಲು ಕಂಡರೇ ಓಡುತ್ತಿದ್ದ ತೆನಾಲಿ ರಾಮನ ಬೆಕ್ಕಿನ ಕಥೆ ಚಿಕ್ಕಂದಿನಲ್ಲಿ ಕೇಳಿರುತ್ತೀರಿ, ಅಲ್ವಾ? ಬೂದಿಗೆ ಆ ಬಿಸಿ ಹಾಲು ನನ್ನ ಕೈಯೇ ಆಗಿಬಿಟ್ಟಿತ್ತು.

ಅದಕ್ಕೇ ಹೇಳುತ್ತೇನೆ, ಬೆಕ್ಕನ್ನು ಕೊಂಡೊಯ್ಯುವ ಕ್ಯಾರಿಯರ್ ಅನ್ನು ಈಗಿನಿಂದಲೇ ಬಾಗಿಲು ತೆಗೆದು ಆ ಕೋಣೆಯಲ್ಲಿಡಿ. ಒಳಗೆ ಒಂದು ಹಳೆಯ ಬಟ್ಟೆ ಹಾಸಿ, ಆಗಾಗ ಏನಾದರೂ ತಿನಿಸು ಇಡಿ. ಡಾಕ್ಟರ ಹತ್ತಿರ ಹೋಗುವ ದಿನ ಬಂದಾಗ ಅದು ಪರಿಚಯದ ಜಾಗವಾಗಿರುತ್ತದೆ. ತುರ್ತು ಇದ್ದರೆ ಕಾಯಬಾರದು, ಸರಿ. ನನ್ನ ಲಸಿಕೆ ತುರ್ತಾಗಿರಲಿಲ್ಲ.

ಇನ್ನು ಮಂಚದ ಕೆಳಗಿನ ಜಾಗ. ಬೆಕ್ಕು ಅಡಗುವುದನ್ನು ತಪ್ಪಿಸಬೇಡಿ. ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಆಶ್ರಯಧಾಮಕ್ಕೆ ಹೊಸದಾಗಿ ಬಂದ ಬೆಕ್ಕುಗಳಲ್ಲಿ ಕೆಲವಕ್ಕೆ ಅಡಗಲು ಪೆಟ್ಟಿಗೆ ಕೊಟ್ಟರು, ಕೆಲವಕ್ಕೆ ಕೊಡಲಿಲ್ಲ. ಪೆಟ್ಟಿಗೆ ಸಿಕ್ಕ ಬೆಕ್ಕುಗಳು ಬೇಗ ಶಾಂತವಾದವು. ಆದರೆ ಮಂಚದ ಕೆಳಗೆ ಅಡಗಿದರೆ ಒಂದು ತೊಂದರೆ ಇದೆ. ಅದನ್ನು ನೋಡಬೇಕಾದರೆ ನೀವು ಬಗ್ಗಿ, ಮುಖ ಕೆಳಗೆ ಹಾಕಿ ಇಣುಕಬೇಕು. ಬೇಟೆಯಾಡುವ ಪ್ರಾಣಿ ಬಿಲಕ್ಕೆ ಇಣುಕುವುದೂ ಹಾಗೇ. ಒಂದು ರಟ್ಟಿನ ಪೆಟ್ಟಿಗೆಗೆ ಎರಡು ಕಡೆ ತೂತು ಕೊರೆದು ಗೋಡೆಯ ಪಕ್ಕ ಇಡಿ. ಎರಡು ದಾರಿ ಇದ್ದರೆ ಸಿಕ್ಕಿಬಿದ್ದೆ ಅನ್ನಿಸುವುದಿಲ್ಲ. ಅದು ಪೆಟ್ಟಿಗೆಯಲ್ಲಿ ಮಲಗುವುದು ರೂಢಿಯಾದ ಮೇಲೆ, ಹೊರಗಿರುವ ಹೊತ್ತು ನೋಡಿ ಮಂಚದ ಕೆಳಭಾಗ ಮುಚ್ಚಬಹುದು. ಈಗಲೇ ಬೇಡ.

ಈಗ ಊಟ. ತಟ್ಟೆಯಲ್ಲಿ ಯಾವಾಗಲೂ ಆಹಾರ ಇದ್ದರೆ ಬೆಕ್ಕಿಗೆ ನಿಮ್ಮ ಮುಂದೆ ಬರುವ ಕಾರಣವೇ ಇರುವುದಿಲ್ಲ. ದಿನಕ್ಕೆ ಎರಡು ಹೊತ್ತು, ಅದೇ ಸಮಯಕ್ಕೆ, ನಿಮ್ಮ ಕೈಯಿಂದಲೇ ಇಡಿ. ಆದರೆ ಹಸಿವಿನಿಂದ ಬಗ್ಗಿಸಲು ಯಾವತ್ತೂ ಹೋಗಬೇಡಿ. ಬೆಕ್ಕು ಎರಡು ಮೂರು ದಿನ ಏನೂ ತಿನ್ನದಿದ್ದರೆ ಕೊಬ್ಬು ಯಕೃತ್ತಿನಲ್ಲಿ ತುಂಬಿಕೊಂಡು ಜೀವಕ್ಕೇ ಅಪಾಯವಾಗಬಹುದು. ನೀವಿರುವಾಗ ತಿನ್ನದಿದ್ದರೆ ತಟ್ಟೆ ಇಟ್ಟು ಹೊರಗೆ ಬನ್ನಿ. ಒಂದು ಇಡೀ ದಿನ ಮುಟ್ಟದಿದ್ದರೆ ಪಶುವೈದ್ಯರಿಗೆ ಫೋನ್ ಮಾಡಿ.

ಐದು ವಾರದ ನಂತರ ನಾನು ಮಾಡಿದ್ದು ಇಷ್ಟೇ. ಅವಳು ನಿರಾಳವಾಗಿ ತಿನ್ನುವ ಜಾಗದಲ್ಲಿ ನೆಲಕ್ಕೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದೆ. ನಾನು ಕೋಣೆಯ ಇನ್ನೊಂದು ತುದಿಯಲ್ಲಿ, ಅವಳಿಗೆ ಮುಖ ಕೊಡದೆ, ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕೂರುತ್ತಿದ್ದೆ. ಕೈಯಲ್ಲಿ ಪುಸ್ತಕ, ಸಣ್ಣ ದನಿಯಲ್ಲಿ ಓದು. ದನಿ ಅಭ್ಯಾಸವಾಗಲಿ ಅಂತ. ಎರಡು ದಿನ ಅವಳು ತಲೆ ಎತ್ತದೆ ತಿಂದರೆ ತಟ್ಟೆಯನ್ನು ಒಂದು ಗೇಣು ನನ್ನ ಕಡೆ ಸರಿಸಿ ಹೊಸ ಗೆರೆ ಎಳೆಯುತ್ತಿದ್ದೆ. ಒಂದೊಂದು ತುತ್ತಿಗೂ ತಲೆ ಎತ್ತಿ ನೋಡಿದರೆ, ಮೈ ನೆಲಕ್ಕೆ ಒತ್ತಿ ಕುತ್ತಿಗೆ ಮಾತ್ರ ಚಾಚಿ ತಿಂದರೆ, ಮರುದಿನ ತಟ್ಟೆ ಹಿಂದಿನ ಗೆರೆಗೇ ವಾಪಸ್. ಹಿಂದೆ ಇಡುವಾಗ ಬೇಜಾರಾಗುತ್ತದೆ, ಗೊತ್ತು. ಆದರೂ ಇಡಿ. ಹದಿನಾಲ್ಕು ಗೇಣು ದೂರ ಕ್ರಮಿಸಲು ನಮಗೆ ಎರಡು ತಿಂಗಳು ಹಿಡಿಯಿತು.

ತಟ್ಟೆ ನನ್ನ ಮೊಣಕಾಲಿನ ಹತ್ತಿರ ಬಂದ ಮೇಲೆ ಉದ್ದ ಹಿಡಿಕೆಯ ಚಮಚ ತೆಗೆದುಕೊಂಡೆ. ತುದಿಗೆ ಬೆಕ್ಕಿನ ಮೆದು ಆಹಾರ ಒಂದಿಷ್ಟು. ಮೊದಲ ಸಲ ಅವಳ ಎರಡೂ ಕಿವಿ ಪಕ್ಕಕ್ಕೆ ವಾಲಿದವು. ಮೂಗಿನ ತುದಿ ಅಲುಗುತ್ತಿತ್ತು. ಮುಂದಿನ ಪಾದ ಎರಡೂ ಮುಂದಕ್ಕೆ, ಹಿಂಗಾಲು ಮಾತ್ರ ಇದ್ದಲ್ಲೇ, ಮೈಯೆಲ್ಲ ರಬ್ಬರಿನಂತೆ ಎಳೆದುಕೊಂಡಿತ್ತು. ಆಮೇಲೆ ಆ ಒರಟು ನಾಲಿಗೆ ಚಮಚಕ್ಕೆ ಉಜ್ಜಿದ ಸದ್ದು. ಹಿಡಿಕೆಯಲ್ಲಿ ಅದರ ಅದುರು ನನ್ನ ಬೆರಳಿಗೆ ತಿಳಿಯುತ್ತಿತ್ತು. ಅವತ್ತು ನಾನು ಉಸಿರು ಬಿಗಿಹಿಡಿದು ಕೂತಿದ್ದೆ, ಕಣ್ಣಲ್ಲಿ ನೀರು ಬಂತು. ದಿನ ಕಳೆದಂತೆ ಚಮಚವನ್ನು ಇನ್ನಷ್ಟು ಕೆಳಗೆ, ತುದಿಯ ಹತ್ತಿರ ಹಿಡಿಯುತ್ತಾ ಬಂದೆ.

ದಿಟ್ಟಿಸಿ ನೋಡಬೇಡಿ. ಬೆಕ್ಕಿಗೆ ಅದು ಬೆದರಿಕೆ. ಕಣ್ಣು ಕಣ್ಣು ಸೇರಿದರೆ ರೆಪ್ಪೆಯನ್ನು ನಿಧಾನಕ್ಕೆ ಅರ್ಧ ಮುಚ್ಚಿ, ಒಂದೆರಡು ಕ್ಷಣ ಬಿಟ್ಟು ತೆರೆಯಿರಿ. ಇದನ್ನು ಸುಮ್ನೆ ಹೇಳುತ್ತಿಲ್ಲ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಇದನ್ನು ಪರೀಕ್ಷಿಸಿದರು. ನಿಧಾನಕ್ಕೆ ಕಣ್ಣು ಮಿಟುಕಿಸಿದ ಅಪರಿಚಿತರ ಕೈಯ ಹತ್ತಿರ ಬೆಕ್ಕುಗಳು ಹೆಚ್ಚು ಬಂದವು, ಮುಖದಲ್ಲಿ ಯಾವ ಭಾವವೂ ಇಲ್ಲದೆ ಕೂತವರ ಹತ್ತಿರ ಅಷ್ಟು ಬರಲಿಲ್ಲ. ಬೂದಿ ನನಗೆ ಮೊದಲು ಕಣ್ಣು ಮಿಟುಕಿಸಿದ್ದು ತಟ್ಟೆ ಆರು ಗೇಣು ದೂರದಲ್ಲಿದ್ದಾಗ.

ಮುಟ್ಟುವುದು ಕೊನೆಗೆ. ಬೆಕ್ಕಿಗೆ ತೀರಾ ಹತ್ತಿರದ ವಸ್ತು ಸರಿಯಾಗಿ ಕಾಣುವುದಿಲ್ಲ, ಮೂಗು ಮತ್ತು ಮೀಸೆಯಿಂದಲೇ ತಿಳಿಯಬೇಕು. ಹಾಗಾಗಿ ಕೈಯನ್ನು ತಲೆಯ ಮೇಲಿಂದ ತರಬೇಡಿ. ಅದರ ಮೂಗಿನ ಮಟ್ಟಕ್ಕೆ ಒಂದು ಬೆರಳು ಚಾಚಿ, ಅಲ್ಲೇ ನಿಲ್ಲಿಸಿ. ಅದೇ ಬಂದು ಮೂಸಿ ಕೆನ್ನೆ ಉಜ್ಜಿದರೆ, ಕೆನ್ನೆಯನ್ನು ಎರಡು ಸಲ ಕೆರೆಯಿರಿ, ಕೈ ಹಿಂದಕ್ಕೆ ತೆಗೆಯಿರಿ. ಇನ್ನೂ ಬೇಕಿದ್ದರೆ ಅದೇ ಕೇಳುತ್ತದೆ. ಕೆನ್ನೆ, ಕಣ್ಣು ಕಿವಿಯ ನಡುವಿನ ಜಾಗ ಸಾಮಾನ್ಯವಾಗಿ ಇಷ್ಟ. ಬಾಲದ ಬುಡ, ಹೊಟ್ಟೆ ಬೇಡವೇ ಬೇಡ. ಬಾಲ ಪಟಪಟ ಬಡಿಯಲು ಶುರುವಾದರೆ ಅವತ್ತಿಗೆ ಸಾಕು.

ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ವೈದ್ಯರನ್ನು ನೋಡಿ. ಬೆಕ್ಕಿನ ಹಲ್ಲು ಸೂಜಿಯಂತೆ ಆಳಕ್ಕೆ ಇಳಿಯುತ್ತದೆ, ಕೀವಾಗುವುದು ಬೇಗ. ರೇಬೀಸ್ ಬಗ್ಗೆಯೂ ಅವರನ್ನೇ ಕೇಳಿ.

"ಎಂದಾದರೂ ಬರುತ್ತಾ?" ಅಂದಿರಿ. ಪ್ರಾಮಾಣಿಕವಾಗಿ ಹೇಳಬೇಕು. ಮರಿ ಹುಟ್ಟಿದ ಎರಡನೇ ವಾರದಿಂದ ಏಳನೇ ವಾರದವರೆಗೆ ಮನುಷ್ಯರ ಕೈ ಕಂಡಿದ್ದರೆ ಆ ಬೆಕ್ಕಿಗೆ ನಾವು ಸಹಜ. ಆ ದಿನಗಳಲ್ಲಿ ಯಾರನ್ನೂ ಕಾಣದೆ ಬೆಳೆದಿದ್ದರೆ ದಾರಿ ಬಹಳ ದೂರ, ಕೆಲವು ಬೆಕ್ಕುಗಳು ಮಡಿಲಿಗೆ ಬರುವುದೇ ಇಲ್ಲ. ನಿಮ್ಮ ಬೆಕ್ಕು ಹಿಂದೆ ಯಾರದೋ ಮನೆಯಲ್ಲಿದ್ದು ಬೀದಿಗೆ ಬಿದ್ದದ್ದೂ ಇರಬಹುದು. ನಿಮ್ಮನ್ನು ನೋಡಿ ಮಿಯಾಂವ್ ಅನ್ನುತ್ತದೆಯಾ, ಬಾಲ ನೆಟ್ಟಗೆ ಎತ್ತಿ ಓಡಾಡುತ್ತದೆಯಾ ಗಮನಿಸಿ. ಹಾಗಿದ್ದರೆ ಹಳೆಯ ನೆನಪು ಒಳಗೆಲ್ಲೋ ಇದೆ. ತಿಂಗಳುಗಟ್ಟಲೆ ಕಿಟಕಿಗೆ ಅಪ್ಪಳಿಸುತ್ತಾ, ಸೊರಗುತ್ತಾ ಹೋದರೆ, ಮರಿಯಾಗದಂತೆ ಆಪರೇಷನ್ ಮಾಡಿಸಿ, ಅದಿದ್ದ ಜಾಗದಲ್ಲೇ ಬಿಟ್ಟು ದಿನಾ ಊಟ ಕೊಡುವುದನ್ನೂ ಯೋಚಿಸಬೇಕಾಗುತ್ತದೆ. ಆದರೆ ಮೂರು ವಾರಕ್ಕೆ ಆ ಮಾತು ಬೇಡ.

ಬೂದಿ ಬಂದು ನಾಲ್ಕು ವರ್ಷವಾಯಿತು. ಮಡಿಲಲ್ಲಿ ಈವರೆಗೂ ಕೂತಿಲ್ಲ. ಹೊಸಬರು ಬಂದರೆ ಬೀರುವಿನ ಹಿಂದೆಯೇ. ರಾತ್ರಿ ಮಾತ್ರ ನನ್ನ ಪಾದಕ್ಕೆ ಬೆನ್ನು ಕೊಟ್ಟು ಮಲಗುತ್ತಾಳೆ. ನನಗೆ ಅದು ಬೇಕಾದಷ್ಟು.

ನಿಮ್ಮ ಬೆಕ್ಕು ಈಗ ರಾತ್ರಿ ಎಲ್ಲಿ ಕೂತು ತಿನ್ನುತ್ತದೋ ಅಲ್ಲೊಂದು ಗೆರೆ ಎಳೆಯಿರಿ. ನಾಳೆ ಸಂಜೆ ಊಟ ಇಟ್ಟು ಬಾಗಿಲ ಬಳಿ ಹತ್ತು ನಿಮಿಷ ಕೂತು ಎದ್ದು ಬನ್ನಿ. ಒಂದು ತಿಂಗಳು ಬಿಟ್ಟು ಗೆರೆ ಎಲ್ಲಿಗೆ ಬಂತು ಅಂತ ನನಗೆ ತಿಳಿಸಿ.